ಲಾರಿಯ ಮೇಲಿನ ಶೈತ್ಯ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ಮನುಷ್ಯನು ಬೆಂಕಿಯನ್ನು ವಶಮಾಡಿಕೊಂಡು ಎಷ್ಟು ಸಾವಿರ ವರ್ಷಗಳಾದುವೋ ಬಲ್ಲವರು ಯಾರು? ಆದರೆ ತಂಪನ್ನು ತನಗೆ ಬೇಕಾದ ಕಡೆ, ಬೇಕಾದ ಹೊತ್ತಿಗೆ ಯಂತ್ರದಿಂದ ಪಡೆಯಲು ಕಲಿತು ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಆ ತಂಪನ್ನು ಚಕ್ರಗಳ ಮೇಲೆ ಕೂರಿಸಿ ಊರಿಂದೂರಿಗೆ ಸಾಗಿಸಲು ಕಲಿತದ್ದಂತೂ ತೀರ ಈಚಿನ ಸಂಗತಿ. ನಾವು ಮದುವೆಯ ಊಟದ ಕಡೆಯಲ್ಲಿ ತಿನ್ನುವ ಐಸ್‌ಕ್ರೀಮು, ಆಸ್ಪತ್ರೆಗೆ ಬರುವ ಲಸಿಕೆ, ಘಾಟಿಯ ಮೇಲಿನ ಊರಿನಲ್ಲಿ ಸಿಗುವ ಕಡಲಿನ ಮೀನು, ಎಲ್ಲವೂ ಈ ವಿದ್ಯೆಯ ಋಣದಲ್ಲಿವೆ.

ಕಲಾ ತರಗತಿಯವಳಿಗೆ ಈ ಯಂತ್ರಗಳ ಗೊಡವೆ ಏಕೆಂದು ಸಹಪಾಠಿಗಳು ನಕ್ಕಾರು. ಕಾರಣವನ್ನು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ತಂದೆಯವರು ಮೀನಿನ ಲಾರಿ ನಡೆಸುವವರು. ಮಲ್ಪೆಯ ಬಂದರಿನಲ್ಲೋ ಮಂಗಳೂರಿನ ದಕ್ಕೆಯಲ್ಲೋ ಸಂಜೆಗೆ ಸರಕು ತುಂಬಿಸಿಕೊಂಡು, ರಾತ್ರಿ ಶಿರಾಡಿ ಘಾಟಿಯನ್ನು ಹತ್ತಿ, ಬೆಳಕು ಹರಿಯುವುದರೊಳಗೆ ಹಾಸನದ ಮಾರುಕಟ್ಟೆಗೆ ಮುಟ್ಟಿಸುವುದು ಅವರ ಇಪ್ಪತ್ತು ವರ್ಷದ ಕಸುಬು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಆ ಮೆಟ್ಟಿಲಿನ ಹಣವೆಲ್ಲ ಬಂಗುಡೆ ಬೂತಾಯಿಗಳ ಮೇಲಿನ ಐಸಿನಿಂದ ಬಂದದ್ದು.

2018ರ ಆಗಸ್ಟ್ ತಿಂಗಳು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯಲು ನಿಷೇಧವುಂಟಷ್ಟೆ; ಅದು ಮುಗಿದು ದೋಣಿಗಳು ಆಗತಾನೇ ಹೊರಟಿದ್ದುವು. ಆ ವರ್ಷದ ಮಳೆ ಕೊಡಗನ್ನೂ ಮಲೆನಾಡನ್ನೂ ಕಂಗೆಡಿಸಿದ್ದನ್ನು ಯಾರೂ ಮರೆತಿರಲಾರರು. ತಿಂಗಳ ನಡುವಿನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿತು. ಅಪ್ಪನ ಲಾರಿ ಗುಂಡ್ಯದ ಬಳಿ ಸಾಲಿನಲ್ಲಿ ಸಿಕ್ಕಿಕೊಂಡಿತು. ಹಿಂದೆ ಲಾರಿ, ಮುಂದೆ ಲಾರಿ, ಪಕ್ಕದಲ್ಲಿ ಹೊಳೆ. ಒಳಗೆ ಐದು ಟನ್ ಬಂಗುಡೆ. ಕ್ರೇಟುಗಳ ನಡುವೆ ಪುಡಿ ಮಾಡಿದ ಐಸು, ಮೇಲೆ ತಾಡಪಾಲು. ಒಂದು ರಾತ್ರಿಯ ಪ್ರಯಾಣಕ್ಕೆಂದು ಹಾಕಿದ್ದ ಐಸು ಎರಡು ರಾತ್ರಿ ಒಂದೂವರೆ ಹಗಲು ತಡೆದೀತೆ? ಲಾರಿ ಮಂಗಳೂರಿನ ಕಡೆಗೆ ಹಿಂದಿರುಗುವ ಹೊತ್ತಿಗೆ ಕೆಳಗೆ ಸೋರುತ್ತಿದ್ದ ನೀರೇ ಸುದ್ದಿ ಹೇಳುತ್ತಿತ್ತಂತೆ. ಸರಕೆಲ್ಲ ಮೀನಿನ ಹಿಟ್ಟಿನ ಕಾರ್ಖಾನೆಗೆ ಸಿಕ್ಕಿದ ಬೆಲೆಗೆ ಹೋಯಿತು. ಲಾರಿಯ ಮಾಲೀಕರು ನಷ್ಟದಲ್ಲಿ ಒಂದು ಪಾಲನ್ನು ಅಪ್ಪನ ಸಂಬಳದಿಂದ ಏಳು ತಿಂಗಳು ಮುರಿದುಕೊಂಡರು. ಎಂಟನೆಯ ತರಗತಿಯಲ್ಲಿದ್ದ ನಾನು, "ಗುಡ್ಡ ಜರಿದದ್ದಕ್ಕೆ ಅಪ್ಪ ಯಾಕೆ ದುಡ್ಡು ಕೊಡಬೇಕು?" ಎಂದು ಅಮ್ಮನನ್ನು ಕೇಳಿದೆ. "ಐಸು ಕರಗಿತಲ್ಲ" ಎಂದಳು ಅಮ್ಮ. ಆ ಉತ್ತರದಲ್ಲಿ ನನಗೆ ಅಂದು ಅರ್ಥವಾಗದೆ ಉಳಿದದ್ದನ್ನು ಈಗ ಲೆಕ್ಕ ಹಾಕಿ ನೋಡಹೊರಟಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಶೈತ್ಯವೆಂಬ ಪದಾರ್ಥ ಯಾವುದೂ ಇಲ್ಲ. ಇರುವುದು ಉಷ್ಣವೊಂದೇ, ಅದು ಕಡಿಮೆಯಾದರೆ ತಂಪು ಎನ್ನುತ್ತೇವೆ. ಆದ್ದರಿಂದ ಶೀತಕ ಯಂತ್ರ ತಂಪನ್ನು ತಯಾರಿಸುವುದಿಲ್ಲ. ಪೆಟ್ಟಿಗೆಯೊಳಗಿನ ಉಷ್ಣವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ದೋಣಿಯ ತಳದಲ್ಲಿ ಒಸರುವ ನೀರನ್ನು ಅಂಬಿಗನು ಮೊಗೆದು ಮೊಗೆದು ಹೊರಗೆ ಚೆಲ್ಲುವನಲ್ಲ, ಹಾಗೆ. ಒಸರು ನಿಲ್ಲದು, ಆದ್ದರಿಂದ ಮೊಗೆಯುವುದೂ ನಿಲ್ಲುವಂತಿಲ್ಲ.

ಮೊಗೆಯುವ ಬಗೆ ನಮ್ಮ ಮಣ್ಣಿನ ಹೂಜಿಯ ಗುಟ್ಟೇ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಉಷ್ಣವನ್ನು ಎಳೆದುಕೊಂಡು ಹೋಗುತ್ತದೆ. ಯಂತ್ರದಲ್ಲಿ ನೀರಿಗೆ ಬದಲು, ಬಹಳ ಕಡಿಮೆ ಉಷ್ಣತೆಯಲ್ಲೇ ಕುದಿಯುವ ಒಂದು ದ್ರವವಿರುತ್ತದೆ. ಅದು ಪೆಟ್ಟಿಗೆಯೊಳಗಿನ ಕೊಳವೆಯಲ್ಲಿ ಕುದಿದು ಆವಿಯಾಗುತ್ತ ಉಷ್ಣವನ್ನು ಹೀರುತ್ತದೆ. ಹೂಜಿಯ ಆವಿ ಗಾಳಿಪಾಲು. ಇಲ್ಲಿಯ ಆವಿಯನ್ನು ಹಾಗೆ ಬಿಡುವಂತಿಲ್ಲ. ಕಂಪ್ರೆಸರು ಅದನ್ನು ಹಿಡಿದು ಒತ್ತಡದಿಂದ ಹಿಂಡುತ್ತದೆ; ಹಿಂಡಿದಾಗ ಅದು ಬಿಸಿಯಾಗಿ, ಹೊರಗಿನ ಕೊಳವೆಗಳಲ್ಲಿ ತನ್ನ ಉಷ್ಣವನ್ನು ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ; ಸಣ್ಣ ರಂಧ್ರವೊಂದರ ಮೂಲಕ ಒಳಗೆ ಬಂದು ಪುನಃ ಕುದಿಯುತ್ತದೆ. ಈ ಸುತ್ತಿನಲ್ಲಿ ದುಡಿಮೆ ಬೇಡುವ ಅಂಗ ಕಂಪ್ರೆಸರೇ. ಮನೆಯ ಫ್ರಿಜ್ಜಿನಲ್ಲಿ ಅದನ್ನು ತಿರುಗಿಸುವುದು ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತು. ಲಾರಿಯಲ್ಲಿ ಗೋಡೆಯೂ ಇಲ್ಲ, ಪ್ಲಗ್ಗೂ ಇಲ್ಲ. ತೊಡಕು ಪ್ರಾರಂಭವಾಗುವುದು ಇಲ್ಲಿ.

ಐಸು ಇದೇ ಕೆಲಸವನ್ನು ಯಾವ ಕಂಪ್ರೆಸರೂ ಇಲ್ಲದೆ ಮಾಡುತ್ತದೆ. ಒಂದು ಕಿಲೋ ಐಸು ಕರಗಿ ನೀರಾಗುವಾಗ 334 ಕಿಲೋಜೌಲ್ ಉಷ್ಣವನ್ನು ನುಂಗುತ್ತದೆ. ನುಂಗುತ್ತಿರುವಷ್ಟು ಹೊತ್ತೂ ತಾನು ಸೊನ್ನೆ ಡಿಗ್ರಿಯಿಂದ ಮೇಲೇರುವುದಿಲ್ಲ. ಹವಾನಿಯಂತ್ರಣ ಯಂತ್ರ ಕೊಳ್ಳಲು ಅಂಗಡಿಗೆ ಹೋದವರನ್ನು "ಒಂದು ಟನ್ನೇ, ಒಂದೂವರೆ ಟನ್ನೇ?" ಎಂದು ಕೇಳುವುದುಂಟು. ಅದು ಯಂತ್ರದ ತೂಕವೆಂದು ನಾನು ಬಹುಕಾಲ ನಂಬಿದ್ದೆ. ನಿಜದಲ್ಲಿ ಅದು ಐಸಿನ ತೂಕ. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಐಸು, 24 ಗಂಟೆಗಳಲ್ಲಿ ಕರಗುತ್ತ ಎಷ್ಟು ಉಷ್ಣವನ್ನು ಹೀರೀತೋ ಅಷ್ಟನ್ನು ಹೀರುವ ಯಂತ್ರ ಒಂದು ಟನ್ನಿನದು. ಈಗಿನ ಅಳತೆಯಲ್ಲಿ ಮೂರೂವರೆ ಕಿಲೋವಾಟ್. ಯಂತ್ರಗಳು ಬಂದು ಐಸನ್ನು ಓಡಿಸಿದುವು. ಆದರೆ ಅವುಗಳ ಬಲವನ್ನು ಇಂದಿಗೂ ಐಸಿನಿಂದಲೇ ಅಳೆಯುತ್ತೇವೆ.

ಈ ಐಸು ಒಮ್ಮೆ ಕಡಲನ್ನು ದಾಟಿಯೂ ನಮ್ಮ ದೇಶಕ್ಕೆ ಬಂದಿತ್ತು. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ನೀರನ್ನು ಕೊಯ್ಯಿಸಿ ಹಡಗಿಗೆ ತುಂಬಿ ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳ ಯಾನ; ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಬೇಕು. ಆದರೂ ಅರ್ಧಕ್ಕಿಂತ ಹೆಚ್ಚು ಐಸು ಉಳಿದು ಬಂದಿತು. ಮದರಾಸಿನ ಕಡಲದಂಡೆಯಲ್ಲಿ ಆ ಐಸನ್ನು ಕೂಡಿಡಲು ಕಟ್ಟಿಸಿದ ಮನೆ ಇಂದೂ ನಿಂತಿದೆ. ಹಡಗಿನಲ್ಲಿ ಯಂತ್ರವಿರಲಿಲ್ಲ, ವಿದ್ಯುತ್ತಂತೂ ಇಲ್ಲವೇ ಇಲ್ಲ. ಐಸನ್ನು ಕಾಪಾಡಿದ್ದು ಸುತ್ತಲೂ ಒತ್ತಿ ತುಂಬಿದ ಮರದ ಹೊಟ್ಟು. ಈ ಹೊಟ್ಟನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ಲಾರಿಯ ಮೇಲೆ ಯಂತ್ರವನ್ನು ಮೊದಲು ಯಶಸ್ವಿಯಾಗಿ ಕೂರಿಸಿದ ಪುರುಷನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು, ಆತನ ಬಾಳು ಅಷ್ಟು ಸೊಗಸಾಗಿದೆ. ಫ್ರೆಡರಿಕ್ ಮೆಕಿನ್ಲಿ ಜೋನ್ಸ್ 1893ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನೀಗ್ರೋ ಜನಾಂಗದ ಅನಾಥ ಬಾಲಕ. ಪಾದ್ರಿಯೊಬ್ಬರ ಆಶ್ರಯದಲ್ಲಿ ಬೆಳೆದವನು. ಶಾಲೆಯ ಓದು ಹನ್ನೊಂದು ಹನ್ನೆರಡರ ವಯಸ್ಸಿಗೇ ಮುಗಿಯಿತು. ಮೋಟಾರು ದುರಸ್ತಿಯ ಅಂಗಡಿಗಳಲ್ಲಿ ಗುಡಿಸುತ್ತ ಒರಸುತ್ತ ಕೆಲಸ ಕಲಿತನು. ಮಿನ್ನೆಸೋಟ ಪ್ರಾಂತದ ದೊಡ್ಡ ಜಮೀನೊಂದರಲ್ಲಿ ಯಂತ್ರಗಳನ್ನು ನೋಡಿಕೊಂಡನು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಸೈನ್ಯದಲ್ಲಿ ವಿದ್ಯುತ್ ಕೆಲಸ ಮಾಡಿದನು. ಹಿಂದಿರುಗಿ ಬಂದು ಪುಸ್ತಕ ಓದಿಯೇ ರೇಡಿಯೋ ಪ್ರಸಾರಯಂತ್ರ ಕಟ್ಟಿದನು. ಮಾತಿನ ಚಿತ್ರಗಳು ಬಂದಾಗ ಅವಕ್ಕೆ ಬೇಕಾದ ಧ್ವನಿಯಂತ್ರಗಳನ್ನು ಮಾಡಿಕೊಟ್ಟು, ಮಿನಿಯಾಪೊಲಿಸ್ ನಗರದ ಜೋಸೆಫ್ ನ್ಯೂಮೆರೋ ಎಂಬ ವ್ಯಾಪಾರಿಯ ಬಳಿ ನೌಕರಿಗೆ ಸೇರಿದನು. 1938ರಲ್ಲಿ ಲಾರಿ ಕಂಪೆನಿಯ ಯಜಮಾನನೊಬ್ಬನು, ಐಸು ಕರಗಿ ತನ್ನ ಒಂದು ಲಾರಿ ಕೋಳಿಯ ಮಾಂಸ ಕೆಟ್ಟುಹೋಯಿತೆಂದು ನ್ಯೂಮೆರೋನ ಮುಂದೆ ಗೋಳಾಡಿದನಂತೆ. ಮಾತಿಗೆ ಮಾತು ಬೆಳೆದು, ಲಾರಿಗೊಂದು ಶೀತಕ ಯಂತ್ರವನ್ನು ಮಾಡಿಕೊಡುವ ಹೊಣೆ ಜೋನ್ಸನ ತಲೆಗೆ ಬಂದಿತು.

ಅಷ್ಟರಲ್ಲಿ ಎಷ್ಟೋ ಮಂದಿ ಪ್ರಯತ್ನಿಸಿ ಕೈಬಿಟ್ಟಿದ್ದರು. ಯಂತ್ರ ತೀರ ದೊಡ್ಡದಾದೀತು, ಇಲ್ಲವೆ ರಸ್ತೆಯ ಕುಲುಕಾಟಕ್ಕೆ ಕೊಳವೆಗಳು ಬಿರಿದಾವು. ಜೋನ್ಸನು ಕುಲುಕಾಟ ತಡೆಯುವ ಯಂತ್ರವನ್ನು ಮಾಡಿ ಲಾರಿಯ ಹೊಟ್ಟೆಯ ಕೆಳಗೆ ತೂಗುಹಾಕಿದನು. ಅಲ್ಲಿ ಕೆಸರು ಧೂಳು ಮೆತ್ತಿ ಅದು ಕೆಟ್ಟಿತು. ಆಗ ಅದನ್ನು ಹಗುರ ಮಾಡಿ, ಚಾಲಕನ ಕೋಣೆಯ ಮೇಲ್ಭಾಗದಲ್ಲಿ, ಸರಕಿನ ಪೆಟ್ಟಿಗೆಯ ಹಣೆಗೆ ಅಂಟಿಸಿದನು. ಇಂದು ನಮ್ಮ ಹೆದ್ದಾರಿಗಳಲ್ಲಿ ಓಡುವ ಶೀತಕ ಲಾರಿಗಳ ಹಣೆಯ ಮೇಲೆ ಬಿಳಿಯ ಗೂಡೊಂದನ್ನು ನೋಡುತ್ತೇವಲ್ಲ, ಅದು ಅಲ್ಲಿಗೆ ಏರಿದ್ದು ಹೀಗೆ. ಈ ಕೆಲಸದಿಂದ ಹುಟ್ಟಿದ ಕಂಪೆನಿಯೇ ಥರ್ಮೋ ಕಿಂಗ್. ಎರಡನೆಯ ಮಹಾಯುದ್ಧದಲ್ಲಿ ಆತನ ಯಂತ್ರಗಳು ಸೈನಿಕರಿಗೆ ಆಹಾರವನ್ನೂ ಗಾಯಾಳುಗಳಿಗೆ ರಕ್ತವನ್ನೂ ಕಾಪಾಡಿದುವು. ಅರವತ್ತಕ್ಕೂ ಹೆಚ್ಚು ಹಕ್ಕುಪತ್ರಗಳನ್ನು ಪಡೆದ ಜೋನ್ಸನು 1961ರಲ್ಲಿ ತೀರಿಕೊಂಡನು. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಆತನ ಹೆಸರಿಗೆ ಬಂದದ್ದು 1991ರಲ್ಲಿ. ಮೂವತ್ತು ವರ್ಷ ತಡವಾಗಿ ಬರುವ ಪದಕಗಳ ವಿಷಯದಲ್ಲಿ ಅವರಿಗೂ ನಮಗೂ ಹೆಚ್ಚು ಭೇದವಿಲ್ಲವೆಂದು ತೋರುತ್ತದೆ.

ಜೋನ್ಸನ ಯಂತ್ರವನ್ನು ತಿರುಗಿಸಿದ್ದು ಅದಕ್ಕೇ ಮೀಸಲಾದ ಸಣ್ಣ ಪೆಟ್ರೋಲ್ ಎಂಜಿನ್ನು. ಇಂದಿನ ದೊಡ್ಡ ಲಾರಿಗಳಲ್ಲಿ ಆ ಸ್ಥಾನಕ್ಕೆ ಡೀಸೆಲ್ ಎಂಜಿನ್ನು ಬಂದಿದೆ. ಗಂಟೆಗೆ ಎರಡರಿಂದ ನಾಲ್ಕು ಲೀಟರ್ ಎಣ್ಣೆ ಕುಡಿಯುತ್ತದೆ. ಲಾರಿ ನಿಂತರೂ ಅದು ನಿಲ್ಲುವಂತಿಲ್ಲ. ರಾತ್ರಿಯೆಲ್ಲ ಚಾಲಕನ ತಲೆಯ ಹಿಂದೆಯೇ ಗುಡುಗುಡು. ಎಣ್ಣೆಯ ಖರ್ಚು ಉಳಿಸಲು ದಾರಿಯಲ್ಲಿ ಯಂತ್ರವನ್ನು ನಿಲ್ಲಿಸಿ, ಊರು ಹತ್ತಿರ ಬಂದಾಗ ಮತ್ತೆ ತಿರುಗಿಸುವುದೂ ಉಂಟೆಂದು ಅಪ್ಪನ ಸ್ನೇಹಿತರು ಹೇಳಿದ್ದನ್ನು ಕೇಳಿದ್ದೇನೆ. ಐಸ್‌ಕ್ರೀಮು ನಾಲಿಗೆಗೆ ಮರಳು ಮರಳಾಗಿ ತಾಕಿದರೆ, ಅದು ಎಲ್ಲೋ ಒಂದು ಕಡೆ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದು ತಿಳಿಯಬೇಕು.

ವಿದ್ಯುಚ್ಛಕ್ತಿಯನ್ನೇ ಉಪಯೋಗಿಸಬಾರದೇಕೆ? ವಿದ್ಯುತ್ತು ದೂರ ಹೋಗಲಾರದೆಂದಲ್ಲ. 1902ರಲ್ಲೇ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳವರೆಗೆ, ಸುಮಾರು 147 ಕಿಲೋಮೀಟರ್, ಪ್ರಯಾಣ ಮಾಡಿ ಪ್ರಪಂಚವನ್ನೇ ಬೆರಗುಗೊಳಿಸಿತು. ಆದರೆ ಆ ಪ್ರಯಾಣ ತಂತಿಯ ಮೇಲಿನದು. ಲಾರಿ ಹೊರಟ ಗಳಿಗೆಯಲ್ಲೇ ತಂತಿಯ ನಂಟು ಕಡಿಯುತ್ತದೆ. ಆಮೇಲೆ ಉಳಿಯುವ ದಾರಿಗಳು ಮೂರೇ: ವಿದ್ಯುತ್ತನ್ನು ಹುಟ್ಟಿಸುವ ಎಂಜಿನ್ನನ್ನು ಹೊರುವುದು, ಬ್ಯಾಟರಿಯಲ್ಲಿ ವಿದ್ಯುತ್ತನ್ನೇ ಹೊರುವುದು, ಅಥವಾ ಹೊರಡುವ ಮೊದಲೇ ವಿದ್ಯುತ್ತಿನಿಂದ ತಂಪನ್ನು ಮಾಡಿಟ್ಟುಕೊಂಡು ಆ ತಂಪನ್ನು ಹೊರುವುದು. ಮೂರನೆಯದನ್ನು ಹಳೆಯ ಕಾಲದ್ದೆಂದು ಕಡೆಗಣಿಸುವವರೇ ಹೆಚ್ಚು. ನನಗೆ ಅದರಲ್ಲೇ ಹುರುಳು ಕಾಣುತ್ತದೆ.

ಆದರೆ ಎಷ್ಟು ಶಕ್ತಿ ಬೇಕು? ಇದನ್ನು ತಿಳಿಯದೆ ಮುಂದೆ ಹೋಗುವುದು ಕುರುಡನ ನಡಿಗೆಯಾದೀತು. 6 ಮೀಟರ್ ಉದ್ದ, 2.2 ಮೀಟರ್ ಅಗಲ, ಅಷ್ಟೇ ಎತ್ತರದ ಸರಕಿನ ಪೆಟ್ಟಿಗೆಯೊಂದನ್ನು ಊಹಿಸೋಣ. ಅದರ ಆರೂ ಮೈ ಸೇರಿ ಸುಮಾರು 60 ಚದರ ಮೀಟರ್. ಕೆಡುವ ಆಹಾರದ ಸಾಗಾಟಕ್ಕಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ 1970ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದವೊಂದಿದೆ. ಅದರ ಪ್ರಕಾರ ಉತ್ತಮ ದರ್ಜೆಯ ಪೆಟ್ಟಿಗೆಯ ಗೋಡೆಯಲ್ಲಿ, ಒಂದು ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ 0.4 ವಾಟಿಗಿಂತ ಹೆಚ್ಚು ಉಷ್ಣ ಒಳನುಸುಳಬಾರದು. ಟ್ಯೂಡರನ ಮರದ ಹೊಟ್ಟಿನ ಕೆಲಸವನ್ನು ಈಗ ತಗಡಿನ ನಡುವೆ ತುಂಬಿದ ಪಫ್ ಎಂಬ ನೊರೆಯಂಥ ವಸ್ತು ಮಾಡುತ್ತದೆ. ಹೊರಗೆ 35 ಡಿಗ್ರಿ, ಒಳಗೆ ಐಸ್‌ಕ್ರೀಮಿಗೆ ಬೇಕಾದ ಸೊನ್ನೆಗಿಂತ ಕೆಳಗಿನ 18 ಡಿಗ್ರಿ ಎಂದಿಟ್ಟುಕೊಂಡರೆ ವ್ಯತ್ಯಾಸ 53 ಡಿಗ್ರಿ. ಗುಣಿಸಿ ನೋಡಿದರೆ ಒಳನುಗ್ಗುವ ಉಷ್ಣ ಸುಮಾರು 1,300 ವಾಟ್, ಒಂದು ಇಸ್ತ್ರಿ ಪೆಟ್ಟಿಗೆಯ ಕಾವಿನಷ್ಟು! ಇಡೀ ಲಾರಿಯ ಶತ್ರು ಒಂದು ಇಸ್ತ್ರಿ ಪೆಟ್ಟಿಗೆ. ಈ ಲೆಕ್ಕ ಬಂದಾಗ ನಾನು ತಪ್ಪು ಮಾಡಿದೆನೆಂದು ಎರಡು ಸಲ ಮತ್ತೆ ಮಾಡಿದೆ.

ಹಾಗಾದರೆ ಅಷ್ಟು ದೊಡ್ಡ ಯಂತ್ರವೇಕೆ? ಬಾಗಿಲು ತೆರೆದಾಗಲೆಲ್ಲ ತಂಪು ಗಾಳಿ ಕೆಳಗಿನಿಂದ ಜಾರಿ ಹೊರಬೀಳುತ್ತದೆ, ಬಿಸಿ ಗಾಳಿ ಮೇಲಿನಿಂದ ನುಗ್ಗುತ್ತದೆ. ಬಿಸಿಲಿಗೆ ಕಾದ ಮಾಡಿನ ಉಷ್ಣತೆ ಗಾಳಿಯದಕ್ಕಿಂತ ಬಹಳ ಹೆಚ್ಚು. ಹಳೆಯ ಪೆಟ್ಟಿಗೆಯ ಸಂದುಗಳು ಬಿಟ್ಟಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಬಿಸಿ ಸರಕನ್ನೇ ತುಂಬಿ, ದಾರಿಯಲ್ಲಿ ತಣ್ಣಗಾಗಲಿ ಎಂದು ಬಯಸುವವರುಂಟು. ತಣ್ಣಗಿರುವುದನ್ನು ಹಾಗೆಯೇ ಕಾಪಾಡಲು ಬೇಕಾದ ಶಕ್ತಿ ಸ್ವಲ್ಪ. ಬಿಸಿಯಾಗಿರುವುದನ್ನು ತಣಿಸಲು ಬೇಕಾದದ್ದು ಬಹಳ. ಲಾರಿಯ ಯಂತ್ರವಿರುವುದು ಮೊದಲನೆಯದಕ್ಕೆ.

ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ ಹಾಲಿನ ಟ್ಯಾಂಕರು. ಹಸುವಿನ ಕೆಚ್ಚಲಿನಿಂದ ಹಾಲು ಬರುವುದು 37 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ. ಹಳ್ಳಿಯ ಸಂಘದಲ್ಲಿರುವ ದೊಡ್ಡ ಶೀತಕ ತೊಟ್ಟಿಯಲ್ಲಿ ವಿದ್ಯುತ್ತು ಅದನ್ನು 4 ಡಿಗ್ರಿಗೆ ಇಳಿಸುತ್ತದೆ. ಅಲ್ಲಿಂದ ಡೇರಿಗೆ ಒಯ್ಯುವ ಟ್ಯಾಂಕರಿನಲ್ಲಿ ಸಾಮಾನ್ಯವಾಗಿ ಯಾವ ಶೀತಕ ಯಂತ್ರವೂ ಇರುವುದಿಲ್ಲ. ಇರುವುದು ಎರಡು ಪದರದ ಗೋಡೆ, ನಡುವೆ ಉಷ್ಣ ತಡೆಯುವ ವಸ್ತು. ಸಾವಿರಾರು ಲೀಟರ್ ತಣ್ಣನೆಯ ಹಾಲು ತನ್ನ ಗಾತ್ರದಿಂದಲೇ ತನ್ನನ್ನು ಕಾದುಕೊಳ್ಳುತ್ತದೆ. ಕೆಲವು ಗಂಟೆಗಳ ದಾರಿಯಲ್ಲಿ ಒಂದೆರಡು ಡಿಗ್ರಿ ಏರಿದರೆ ಹೆಚ್ಚು. ವಿದ್ಯುತ್ತಿನ ಕೆಲಸವೆಲ್ಲ ಚಕ್ರ ಉರುಳುವ ಮೊದಲೇ ಮುಗಿದುಹೋಗಿದೆ.

ಪಟ್ಟಣಗಳಲ್ಲಿ ಅಂಗಡಿಯಿಂದ ಅಂಗಡಿಗೆ ಐಸ್‌ಕ್ರೀಮು ಹಂಚುವ ಸಣ್ಣ ಗಾಡಿಗಳು ಇದನ್ನೇ ಇನ್ನೊಂದು ರೀತಿಯಲ್ಲಿ ಸಾಧಿಸಿವೆ. ಅವುಗಳ ಒಳಗೋಡೆಗೆ ಲೋಹದ ಚಪ್ಪಟೆ ಪೆಟ್ಟಿಗೆಗಳನ್ನು ಬಿಗಿದಿರುತ್ತಾರೆ. ಅವುಗಳಲ್ಲಿ ಉಪ್ಪಿನ ದ್ರಾವಣ. ನೂರಕ್ಕೆ 23 ಪಾಲು ಅಡಿಗೆಯ ಉಪ್ಪು ಬೆರೆಸಿದ ನೀರು ಸೊನ್ನೆಗಿಂತ 21 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಬೇರೆ ಲವಣಗಳಿಂದ ಇನ್ನೂ ಕೆಳಗೆ ಹೋಗಬಹುದು. ರಾತ್ರಿ ಗಾಡಿಯನ್ನು ನಿಲ್ಲಿಸಿ ಪ್ಲಗ್ಗಿಗೆ ಸಿಕ್ಕಿಸಿದರೆ ಎಂಟು ಹತ್ತು ಗಂಟೆಗಳಲ್ಲಿ ಆ ದ್ರಾವಣ ಕಲ್ಲಾಗುತ್ತದೆ. ಬೆಳಗ್ಗೆ ಪ್ಲಗ್ಗು ಕಿತ್ತು ಹೊರಟರೆ ಸಂಜೆಯವರೆಗೆ ಅದು ನಿಧಾನವಾಗಿ ಕರಗುತ್ತ ತಂಪು ಕೊಡುತ್ತದೆ. ದಾರಿಯಲ್ಲಿ ಸದ್ದಿಲ್ಲ, ಹೊಗೆಯಿಲ್ಲ, ಎಣ್ಣೆಯ ಕಳವಿಲ್ಲ. ದೋಷವೆಂದರೆ ತೂಕ. ಆ ಫಲಕಗಳು ಸರಕಿನ ಭಾರದಲ್ಲಿ ಪಾಲು ಕೇಳುತ್ತವೆ.

ಬ್ಯಾಟರಿಯೊಡನೆ ಹೋಲಿಸಿದರೆ ಹೇಗೆ? ಒಂದು ಟನ್ ಐಸು ನುಂಗುವ ಉಷ್ಣ ಸುಮಾರು 93 ಯೂನಿಟ್. ಈಗಿನ ಲಿಥಿಯಂ ಬ್ಯಾಟರಿ ಒಂದು ಟನ್ನಿನಷ್ಟು ಹೊತ್ತರೆ ಅದರಲ್ಲಿ ಸುಮಾರು 150 ಯೂನಿಟ್ ವಿದ್ಯುತ್ತು. ಒಂದು ಯೂನಿಟ್ ವಿದ್ಯುತ್ತಿನಿಂದ ಯಂತ್ರ ಒಂದೂವರೆ ಯೂನಿಟ್ ಉಷ್ಣವನ್ನು ಹೊರಗೆ ಚೆಲ್ಲಿದರೂ 225 ಯೂನಿಟ್ ಆಯಿತು. ತೂಕದಲ್ಲಿ ಬ್ಯಾಟರಿಯೇ ಗೆದ್ದಿತು. ಬೆಲೆಯ ಮಾತೆತ್ತಿದರೆ ಐಸಿನ ಮುಂದೆ ಅದು ನಿಲ್ಲಲಾರದು. ಆದರೂ ಲಾರಿಯೇ ಬ್ಯಾಟರಿಯಿಂದ ಓಡುವುದಾದರೆ ಮಾತು ಬೇರೆ. ಓಡಲೆಂದೇ ಇನ್ನೂರು ಮುನ್ನೂರು ಯೂನಿಟ್ ಹೊತ್ತಿರುವ ಲಾರಿಗೆ, ಗೋಡೆಯಿಂದ ನುಸುಳುವ ಆ ಇಸ್ತ್ರಿ ಪೆಟ್ಟಿಗೆಯ ಕಾವನ್ನು ದಿನವೆಲ್ಲ ಹೊರಹಾಕಲು 20 ಯೂನಿಟ್ ಕೊಡುವುದು ದೊಡ್ಡ ತ್ಯಾಗವಲ್ಲ.

ಹಡಗಿನಲ್ಲಿ ಹೋಗುವ ಶೀತಕ ಕಂಟೇನರುಗಳ ಏರ್ಪಾಡು ಇನ್ನೂ ಸರಳ. ಅವುಗಳಲ್ಲಿ ಎಂಜಿನ್ನೇ ಇಲ್ಲ. ಮೂರು ಫೇಸಿನ ವಿದ್ಯುತ್ ಮೋಟಾರು, ಒಂದು ಉದ್ದನೆಯ ಕೇಬಲ್ಲು, ತುದಿಯಲ್ಲಿ ಪ್ಲಗ್ಗು. ಹಡಗಿನಲ್ಲಿ ಹಡಗಿನ ವಿದ್ಯುತ್ತು, ಬಂದರಿನಲ್ಲಿ ಬಂದರಿನ ವಿದ್ಯುತ್ತು. ಪಣಂಬೂರಿನಿಂದ ಹೊರನಾಡಿಗೆ ಹೋಗುವ ಹೆಪ್ಪುಗಟ್ಟಿಸಿದ ಮೀನು ಕಡಲ ದಾಟುವುದು ಈ ಪ್ಲಗ್ಗಿನ ಬಲದಿಂದ. ಪ್ರಪಂಚದ ಎಲ್ಲ ಬಂದರುಗಳಲ್ಲೂ ಆ ಪ್ಲಗ್ಗು ಒಂದೇ ಅಳತೆಯದು. ರಸ್ತೆಯ ಲಾರಿಗಳಲ್ಲೂ, ಡೀಸೆಲ್ ಎಂಜಿನ್ನಿನ ಜೊತೆಗೆ, ನಿಂತಾಗ ಉಪಯೋಗಿಸಲು ಒಂದು ವಿದ್ಯುತ್ ಮೋಟಾರನ್ನು ಜೋಡಿಸಿದ ಯಂತ್ರಗಳಿವೆ. ಸಿಕ್ಕಿಸಲು ಪ್ಲಗ್ಗು ಮಾತ್ರ ದಾರಿಯಲ್ಲಿ ಸಿಗುವುದಿಲ್ಲ. ಮಧ್ಯಮ ಲಾರಿಯ ಇಂಥ ಮೋಟಾರಿಗೆ ಬೇಕಾದದ್ದು ನಮ್ಮ ಕಡೆಯ ರೈತನ ಪಂಪ್‌ಸೆಟ್ಟಿನಷ್ಟು ವಿದ್ಯುತ್ತು, ಅಷ್ಟೆ. ವಿದ್ಯುತ್ ಕಾರುಗಳಿಗೆ ಹೋಟೆಲುಗಳ ಮುಂದೆ ಚಾರ್ಜಿಂಗ್ ಕಂಬಗಳು ಏಳುತ್ತಿವೆ. ಪಕ್ಕದಲ್ಲೇ ಶೀತಕ ಲಾರಿಗೂ ಒಂದು ಪ್ಲಗ್ಗು ಇಟ್ಟರೆ ಯಾರಿಗೆ ನಷ್ಟ?

ಎಲ್ಲ ಸರಕಿಗೂ ಒಂದೇ ಶೈತ್ಯ ಸಲ್ಲದೆಂಬುದನ್ನೂ ಇಲ್ಲಿ ಹೇಳಬೇಕು. ಬಾಳೆಕಾಯಿಯನ್ನು 13 ಡಿಗ್ರಿಗಿಂತ ಕೆಳಗಿಳಿಸಿದರೆ ಸಿಪ್ಪೆ ಕಪ್ಪಾಗಿ ಸರಿಯಾಗಿ ಹಣ್ಣಾಗದು. ಹಸಿ ಮೀನಿನ ಸ್ವಭಾವ ಮತ್ತೊಂದು. ಅದಕ್ಕೆ ಕರಗುತ್ತಿರುವ ಐಸಿಗಿಂತ ಉತ್ತಮ ಸಂಗಾತಿ ಇಲ್ಲ. ಕರಗಿದ ನೀರು ಮೈಯನ್ನು ಒದ್ದೆಯಾಗಿಟ್ಟು, ಸಂದುಸಂದಿಗೆ ಇಳಿದು ಕಾವನ್ನು ತೊಳೆದೊಯ್ಯುತ್ತದೆ. ಯಂತ್ರವಿದೆಯೆಂದು ಅದನ್ನು ಸೊನ್ನೆಗಿಂತ ಕೆಳಗಿಟ್ಟರೆ ಐಸು ಕರಗುವುದನ್ನೇ ನಿಲ್ಲಿಸುತ್ತದೆ, ಮೀನಿನ ಮೈ ಒಣಗುತ್ತದೆ. ಆದ್ದರಿಂದ ಐಸು ಹಾಕಿದ ಮೀನಿನ ಲಾರಿಯಲ್ಲಿ ಯಂತ್ರವನ್ನು ಸೊನ್ನೆಗಿಂತ ತುಸು ಮೇಲೆ ಇಡಬೇಕು. ಯಂತ್ರ ಐಸಿನ ಕಾವಲುಗಾರ. ಮೀನಿನ ಯಜಮಾನಿಕೆ ಐಸಿನದೇ.

ಈಗ 2018ರ ಆ ಲಾರಿಗೆ ಹಿಂದಿರುಗುತ್ತೇನೆ. ಅದು ತಾಡಪಾಲಿನ ಲಾರಿಯಾಗಿರದೆ ಮೇಲೆ ಹೇಳಿದಂಥ ಪಫ್ ಗೋಡೆಯ ಪೆಟ್ಟಿಗೆಯಾಗಿದ್ದರೆ ಏನಾಗುತ್ತಿತ್ತು? ದಕ್ಕೆಯಿಂದ ಬರುವ ಮೀನಿನ ಕಾವು 28 ಡಿಗ್ರಿ ಎಂದುಕೊಂಡರೆ, 100 ಕಿಲೋ ಮೀನನ್ನು ಸೊನ್ನೆಗಿಳಿಸಲು ಸುಮಾರು 30 ಕಿಲೋ ಐಸು ಸಾಕು; ಐದು ಟನ್ನಿಗೆ ಒಂದೂವರೆ ಟನ್. ಆಮೇಲಿನದು ಗೋಡೆಯ ಲೆಕ್ಕ. ಮಳೆಗಾಲದ ಘಾಟಿಯಲ್ಲಿ ಹೊರಗೆ 25 ಡಿಗ್ರಿ. ಒಳನುಸುಳುವ ಉಷ್ಣ 600 ವಾಟ್. ಅದನ್ನು ನುಂಗಲು ಗಂಟೆಗೆ ಆರೂವರೆ ಕಿಲೋ ಐಸು. 48 ಗಂಟೆಗೆ 312 ಕಿಲೋ. ಸಂದುಗೊಂದುಗಳಿಗೆಂದು ಇದನ್ನು ಇಮ್ಮಡಿ ಮಾಡಿದರೂ 624 ಕಿಲೋ. ಒಟ್ಟು ಎರಡೂಕಾಲು ಟನ್ ಐಸಿನಿಂದ ಆ ಬಂಗುಡೆ ಎರಡು ದಿನ ಉಳಿಯುತ್ತಿತ್ತು. ಅಷ್ಟು ಐಸನ್ನು ಹೆಪ್ಪುಗಟ್ಟಿಸಲು ಐಸ್ ಕಾರ್ಖಾನೆಗೆ ಬೇಕಾಗುತ್ತಿದ್ದುದು, ಟನ್ನಿಗೆ ಅರವತ್ತರಂತೆ ಹಿಡಿದರೂ, 135 ಯೂನಿಟ್ ವಿದ್ಯುತ್ತು. ಘಾಟಿಯಲ್ಲಿ ಒಂದು ಯೂನಿಟ್ ಕೂಡ ಬೇಡವಾಗಿತ್ತು. ಏಳು ತಿಂಗಳ ಸಂಬಳ ಹೋದದ್ದು ಐಸು ಕರಗಿದ್ದಕ್ಕಲ್ಲ, ಗೋಡೆ ಇಲ್ಲದ್ದಕ್ಕೆ. ಗೋಡೆ ಕಟ್ಟಿಸುವುದು ಚಾಲಕನ ಕೈಯಲ್ಲಿ ಇರಲಿಲ್ಲ.

ಈ ಲೇಖನದ ಕರಡನ್ನು ಅಪ್ಪನಿಗೆ ಓದಿ ಹೇಳಿದೆ. ಆಗ ಇದರಲ್ಲಿ ಗುಂಡ್ಯದಲ್ಲೊಂದು, ಸಕಲೇಶಪುರದಲ್ಲೊಂದು ಪ್ಲಗ್ಗಿನ ನಿಲ್ದಾಣ ಆಗಬೇಕೆಂಬ ಮಾತು ಮೊದಲಿಗಿತ್ತು. ಗೋಡೆಯ ಲೆಕ್ಕ ಕೊನೆಗಿತ್ತು. ಅಪ್ಪ ಎಲ್ಲವನ್ನೂ ಕೇಳಿ, "ಪ್ಲಗ್ಗು ಒಳ್ಳೇದೇ ಮಗಾ. ಬೆಂಗಳೂರಿಗೆ, ಹೈದರಾಬಾದಿಗೆ ಹೋಗೋ ಗಾಡಿಗೆ ಬೇಕೇ ಬೇಕು. ಆದ್ರೆ ಆವತ್ತು ಗುಂಡ್ಯದಲ್ಲಿ ಎರಡು ದಿನ ಕರೆಂಟೇ ಇರಲಿಲ್ಲ" ಎಂದರು. ಆದ್ದರಿಂದ ಗೋಡೆಯನ್ನು ಮುಂದಕ್ಕೆ ತಂದು, ಪ್ಲಗ್ಗನ್ನು ಅದರ ಹಿಂದೆ ನಿಲ್ಲಿಸಿ, ಲೇಖನವನ್ನು ಮತ್ತೆ ಬರೆದಿದ್ದೇನೆ.